ಒಡೆಯಲೆಂದೇ ಏರುವ ಪುಗ್ಗೆ

ಕರಾವಳಿಯವರು ಪುಗ್ಗೆ ಎನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದ ಕಡೆ ಅದೇ ಪುಗ್ಗಾ ಆಗುತ್ತದೆ, ಹಳೆಯ ಮೈಸೂರಿನವರಿಗೆ ಅದು ಬಲೂನು. ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ಸಂಜೆ ಹೊತ್ತು ಕೋಲಿಗೆ ಕಟ್ಟಿ ಮಾರುವವನ ಬಾಯಲ್ಲಿ ಫುಗಾ. ಮರಾಠಿಯಲ್ಲಿ ಫುಗಣೆ ಎಂದರೆ ಉಬ್ಬುವುದು. ಕನ್ನಡ ನಾಡಿನ ಎಲ್ಲ ಮೂಲೆಗಳಿಂದ ಬಂದವರು ಒಂದೇ ಪೇಟೆಯಲ್ಲಿ ತರಕಾರಿ ಕೊಳ್ಳುವ ಮಾಟುಂಗದಲ್ಲಿ ಈ ಎಲ್ಲ ಶಬ್ದಗಳೂ ಒಂದೇ ಸಂಜೆ ಕಿವಿಗೆ ಬೀಳುವುದುಂಟು. ಶಬ್ದ ಯಾವುದಾದರೇನು, ಅದರ ಹಿಂದಿನ ಭಾವ ಒಂದೇ: ಮಕ್ಕಳ ಆಟಿಕೆ, ಹುಟ್ಟುಹಬ್ಬದ ಅಲಂಕಾರ, ನಾಳೆಗೆ ಉಳಿಯದ ವಸ್ತು. ಸಾಹಿತ್ಯ, ಸಿನಿಮಾಗಳೂ ಬಲೂನನ್ನು ಬಹುಮಟ್ಟಿಗೆ ಹೀಗೆಯೇ ಕಂಡಿವೆ. 1956ರ ಫ್ರೆಂಚ್ ಚಿತ್ರ 'ದಿ ರೆಡ್ ಬಲೂನ್' ಜಗತ್ತಿನ ಕಣ್ಣು ತೇವಗೊಳಿಸಿದ್ದು ಆ ಬಲೂನು ಒಡೆಯುವುದರಿಂದಲೇ. ಕ್ಷಣಿಕತೆಗೆ ಇಷ್ಟು ಅಗ್ಗದ ರೂಪಕ ಬೇರೊಂದು ಸಿಗದು.

ಆದರೆ ರಬ್ಬರ್ ಬಲೂನು ಹುಟ್ಟಿದ್ದು ಆಟಿಕೆಯಾಗಿ ಅಲ್ಲ, ಪ್ರಯೋಗಾಲಯದ ಉಪಕರಣವಾಗಿ. ಮುಂದೆಯೂ ಅದರ ಮಹತ್ವದ ಕೆಲಸಗಳೆಲ್ಲ ನಡೆದದ್ದು ಮಕ್ಕಳ ಕೈಯಿಂದ ಬಹು ದೂರದಲ್ಲಿ. ಆ ಕೆಲಸಗಳಲ್ಲಿ ಕೆಲವು ನಮ್ಮ ಬೆಂಗಳೂರಿನಲ್ಲಿ, ಕೆಲವು ನಾವು ನೆಲೆಸಿರುವ ಈ ಮುಂಬಯಿಯಲ್ಲಿ ನಡೆದಿವೆ, ಇಂದೂ ನಡೆಯುತ್ತಿವೆ. ಅವುಗಳ ನೆನಪು ಮಾತ್ರ ನಮ್ಮಲ್ಲಿ ಅಷ್ಟಾಗಿ ಉಳಿದಿಲ್ಲ. ಅದಕ್ಕೊಂದು ಕಾರಣ ಸರಕಾರಿ ಕಚೇರಿಯಲ್ಲಿ ದುಡಿಯುವವರಿಗೆ ಬೇಗ ಹೊಳೆಯುತ್ತದೆ. ನಮ್ಮಲ್ಲಿ ಸಾಮಗ್ರಿಗೆ ಎರಡು ರಿಜಿಸ್ಟರುಗಳು. ಮೇಜು, ಕಪಾಟು, ಯಂತ್ರಗಳು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾಗುತ್ತವೆ; ವರ್ಷಕ್ಕೊಮ್ಮೆ ಯಾರಾದರೂ ಬಂದು ಅವನ್ನು ಎಣಿಸಿ ಸಹಿ ಹಾಕುತ್ತಾರೆ. ಕಾಗದ, ಶಾಯಿ, ಗುಂಡುಸೂಜಿಗಳು ಬಳಸಿ ಮುಗಿಸುವ ವಸ್ತುಗಳ ರಿಜಿಸ್ಟರಿಗೆ ಸೇರುತ್ತವೆ. ಕೊಟ್ಟ ದಿನವೇ ಅವುಗಳ ಲೆಕ್ಕ ಮುಗಿಯಿತು. ದೂರದರ್ಶಕ, ಸೂಕ್ಷ್ಮದರ್ಶಕಗಳು ಮೊದಲ ಗುಂಪಿನವು, ಆದ್ದರಿಂದ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಬಲೂನು ಎರಡನೆಯ ಗುಂಪಿನದು. ತನ್ನ ಕೆಲಸವನ್ನು ಪೂರೈಸುವ ಕ್ಷಣದಲ್ಲಿಯೇ ಅದು ಇಲ್ಲವಾಗುತ್ತದೆ.

1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆಗೆ ಜಲಜನಕದಂಥ ಅನಿಲಗಳನ್ನು ಹಿಡಿದಿಡಲು ಒಂದು ಚೀಲ ಬೇಕಾಗಿತ್ತು. ಅದುವರೆಗೆ ಇಂಥ ಕೆಲಸಕ್ಕೆ ಪ್ರಾಣಿಗಳ ಮೂತ್ರಕೋಶವೋ ಕರುಳೋ ಬಳಕೆಯಾಗುತ್ತಿತ್ತು. ಫ್ಯಾರಡೆ ಹಸಿ ರಬ್ಬರಿನ ಎರಡು ಹಾಳೆಗಳನ್ನು ಒಂದರ ಮೇಲೊಂದು ಇರಿಸಿ ಅಂಚುಗಳನ್ನು ಒತ್ತಿದ. ಹಸಿ ರಬ್ಬರು ಅಂಟು ಸ್ವಭಾವದ್ದು, ಅಂಚುಗಳು ತಾವಾಗಿಯೇ ಕೂಡಿಕೊಂಡವು. ನಡುವಿನ ಭಾಗ ಅಂಟದಿರಲೆಂದು ಒಳಗೆ ಹಿಟ್ಟು ಉದುರಿಸಿದ್ದ. ಜಲಜನಕ ತುಂಬಿದಾಗ ಚೀಲ ಮೇಲಕ್ಕೆ ಏರಿತು. ಇಂದಿಗೂ ಹೊಸ ಬಲೂನನ್ನು ಊದುವಾಗ ತುಟಿಗೆ ತಗಲುವ ಬಿಳಿ ಪುಡಿ ಆ ಹಿಟ್ಟಿನ ವಂಶದ್ದೇ. ಮರುವರ್ಷವೇ ಥಾಮಸ್ ಹ್ಯಾನ್ಕಾಕ್ ಎಂಬ ರಬ್ಬರ್ ತಯಾರಕ ಇದನ್ನು ಆಟಿಕೆಯಾಗಿ ಮಾರಲಾರಂಭಿಸಿದ: ಒಂದು ಸೀಸೆ ರಬ್ಬರ್ ದ್ರಾವಣ, ಒಂದು ಪಿಚಕಾರಿ, ಬಲೂನನ್ನು ಕೊಂಡವರೇ ಮಾಡಿಕೊಳ್ಳಬೇಕು. ಹಸಿ ರಬ್ಬರು ಬೇಸಗೆಯಲ್ಲಿ ಜಿಗುಟಾಗಿ, ಚಳಿಯಲ್ಲಿ ಬಿರುಸಾಗುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದರೆ ಈ ದೋಷ ನೀಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಮೇಲೆ, 1847ರಲ್ಲಿ ಲಂಡನ್ನಿನ ಜೆ. ಜಿ. ಇಂಗ್ರಮ್ ಇಂದಿನ ಆಟಿಕೆ ಬಲೂನಿನ ಪೂರ್ವಜನನ್ನು ತಯಾರಿಸಿದ.

ನಾವಿಂದು ಕೈಯಲ್ಲಿ ಹಿಡಿಯುವ ಬಲೂನಾದರೋ ಇನ್ನೂ ಈಚಿನದು. 1931ರಲ್ಲಿ ಅಮೆರಿಕದ ನೀಲ್ ಟಿಲಟ್ಸನ್ ರಟ್ಟನ್ನು ಬೆಕ್ಕಿನ ಮುಖದಂತೆ ಕತ್ತರಿಸಿ, ಮರದಿಂದ ಇಳಿದ ರಬ್ಬರ್ ಹಾಲಿನಲ್ಲಿ ನೇರವಾಗಿ ಅದ್ದಿ ತೆಗೆದ. ಒಣಗಿದ ಪೊರೆಯನ್ನು ಸುಲಿದರೆ ಕಿವಿಗಳುಳ್ಳ ಬಲೂನು. ಹಾಳೆಯಿಂದ ಕತ್ತರಿಸುವುದನ್ನು ಬಿಟ್ಟು ಹಾಲಿನಲ್ಲಿ ಅದ್ದುವ ಈ ಕ್ರಮವೇ ಇಂದಿನ ಬಲೂನು ಕಾರ್ಖಾನೆಗಳ ತಳಹದಿ. ಶಸ್ತ್ರಚಿಕಿತ್ಸೆಯ ಕೈಗವಸೂ ನಿರೋಧವೂ ತಯಾರಾಗುವುದು ಇದೇ ಬಗೆಯಲ್ಲಿ. ಅಚ್ಚನ್ನು ಮೊದಲು ಕ್ಯಾಲ್ಸಿಯಂ ಲವಣದ ದ್ರಾವಣದಲ್ಲಿ, ಬಳಿಕ ರಬ್ಬರ್ ಹಾಲಿನಲ್ಲಿ ಅದ್ದುತ್ತಾರೆ. ಲವಣ ತಾಗಿದೆಡೆ ಹಾಲು ಹೆಪ್ಪುಗಟ್ಟಿ ತೆಳುವಾದ ಪೊರೆಯಾಗುತ್ತದೆ. ಬಾಯಿಯ ಅಂಚನ್ನು ಸುರುಳಿ ಸುತ್ತಿ, ತೊಳೆದು, ಬಿಸಿಗಾಳಿಯಲ್ಲಿ ಹದಗೊಳಿಸುತ್ತಾರೆ.

ಈ ಹಾಲು ಎಲ್ಲಿಂದ ಬರುತ್ತದೆಂಬುದನ್ನು ತುಳುನಾಡಿನ ಕಡೆಯಿಂದ ಬಂದ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಬ್ರೆಜಿಲಿನಿಂದ ಸಾಗಿಸಿದ ಸುಮಾರು 70,000 ಬೀಜಗಳು ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಲುಪಿ, ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೂ ಮಲಯಕ್ಕೂ ಹೋದದ್ದು ರಬ್ಬರಿನ ಚರಿತ್ರೆಯ ಪ್ರಸಿದ್ಧ ಅಧ್ಯಾಯ. ಅದಕ್ಕಿಂತ ನಮಗೆ ಹತ್ತಿರವಾದ ಅಧ್ಯಾಯ ಸುಳ್ಯ-ಪುತ್ತೂರಿನದು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಂತೆ ಸಿಂಹಳದ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರಲ್ಲಿ 5,25,000 ಜನರನ್ನು ಭಾರತ ಸ್ವೀಕರಿಸಬೇಕಾಯಿತು. ಹಾಗೆ ಬಂದವರಲ್ಲಿ ಒಂದು ಪಾಲಿಗೆ ದಕ್ಷಿಣ ಕನ್ನಡದ ಕಾಡಂಚಿನಲ್ಲಿ ಸರಕಾರಿ ರಬ್ಬರ್ ತೋಟಗಳು ಎದ್ದವು. ಇಂದು ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆಡಳಿತದಲ್ಲಿವೆ. ಹುಟ್ಟಿದ ದೇಶ ಬೇಡವೆಂದಿತು, ಪೂರ್ವಿಕರ ದೇಶದ ಪರಿಚಯವಿರಲಿಲ್ಲ. ಮೂರನೆಯ ಭಾಷೆಯ ಸೀಮೆಯಲ್ಲಿ ಮನೆ ಮಾಡಿದರು. ಬೆಳಕು ಹರಿಯುವ ಮೊದಲೇ ಮರದಿಂದ ಮರಕ್ಕೆ ಹೋಗಿ, ತೊಗಟೆಯನ್ನು ಓರೆಯಾಗಿ ಗೀರಿ, ಚಿಪ್ಪಿಗೆ ಇಳಿದ ಹಾಲನ್ನು ಬಿಸಿಲೇರುವ ಮುನ್ನ ಕೂಡಿಸಿಕೊಳ್ಳಬೇಕು. ಗೀರು ಕೊಂಚ ಆಳವಾದರೂ ಮರಕ್ಕೆ ಗಾಯ. ಪರವೂರಲ್ಲಿ ಕನ್ನಡಿಗರಾಗಿ ಬಾಳುತ್ತಿರುವ ನಾವು, ನಮ್ಮೂರಿಗೆ ಪರವೂರಿಗರಾಗಿ ಬಂದ ಇವರನ್ನು ಕುರಿತು ಬರೆದದ್ದು ಕಡಿಮೆಯೆಂದು ನನಗೆ ಅನ್ನಿಸುತ್ತದೆ.

ಇನ್ನು ಬಲೂನು ಆಕಾಶಕ್ಕೆ ಏರಿದ ಕಥೆ.

ಮಳೆ, ಗಾಳಿ, ಬಿಸಿಲುಗಳ ಲೆಕ್ಕವನ್ನು ಎಷ್ಟು ಕಾಲ ನೆಲದ ಮೇಲೆ ಕುಳಿತು ಇಡಬಹುದು? ಮುಂಬಯಿಯ ಕೊಲಾಬಾ ವೀಕ್ಷಣಾಲಯ 1826ರಷ್ಟು ಹಳೆಯದು. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಆದರೆ ಮೋಡ ಕಟ್ಟುವುದು ನಮ್ಮ ತಲೆಯ ಮೇಲೆ, ಗಾಳಿ ದಿಕ್ಕು ಬದಲಿಸುವುದು ಇನ್ನೂ ಮೇಲೆ. ಅಲ್ಲಿಗೆ ಅತಿ ಕಡಿಮೆ ಖರ್ಚಿನಲ್ಲಿ ಕಳಿಸಬಹುದಾದ ದೂತ ರಬ್ಬರ್ ಬಲೂನು. ನಿಶ್ಚಿತ ವೇಗದಲ್ಲಿ ಏರುವಂತೆ ಜಲಜನಕ ತುಂಬಿ ಬಿಟ್ಟು, ಥಿಯೋಡೊಲೈಟಿನ ಮೂಲಕ ನಿಮಿಷಕ್ಕೊಮ್ಮೆ ಅದರ ಕೋನ ಅಳೆದರೆ ಯಾವ ಎತ್ತರದಲ್ಲಿ ಗಾಳಿ ಯಾವ ಕಡೆಗೆ ಎಷ್ಟು ವೇಗದಲ್ಲಿ ಬೀಸುತ್ತಿದೆ ಎಂಬುದು ತಿಳಿಯುತ್ತದೆ. ಇದು ಪೈಲಟ್ ಬಲೂನು. ಸ್ವಲ್ಪ ದೊಡ್ಡ ಬಲೂನಿಗೆ ಉಷ್ಣತೆ, ಒತ್ತಡಗಳನ್ನು ತಾನೇ ಗೀಚಿಕೊಳ್ಳುವ ಹಗುರವಾದ ಉಪಕರಣವನ್ನು ತೂಗಿಬಿಟ್ಟರೆ ಮೇಲಣ ವಾಯುಮಂಡಲದ ದಾಖಲೆಯೂ ಸಿಗುತ್ತದೆ. ಸಿಗುವುದು ಆ ಉಪಕರಣ ಮರಳಿ ಕೈಸೇರಿದರೆ ಮಾತ್ರ.

ಆಗ್ರಾದ ಮೇಲ್ವಾಯು ವೀಕ್ಷಣಾಲಯದಲ್ಲಿ ಹೀಗೆಯೇ ಕೆಲಸ ನಡೆಯುತ್ತಿತ್ತು. ಬಲೂನು ಹತ್ತಾರು ಕಿಲೋಮೀಟರ್ ಮೇಲೇರಿ ಒಡೆಯುತ್ತಿತ್ತು. ಉಪಕರಣ ಯಾವುದೋ ಹೊಲಕ್ಕೋ ಗೋಮಾಳಕ್ಕೋ ಬೀಳುತ್ತಿತ್ತು. ಸಿಕ್ಕಿದವರು ಹಿಂದಿರುಗಿಸಿದರೆ ಬಹುಮಾನ ಕೊಡಲಾಗುವುದೆಂಬ ಚೀಟಿ ಅದರೊಂದಿಗೆ ಇರುತ್ತಿತ್ತು. ಆಕಾಶದಿಂದ ಬಿದ್ದ ಲೋಹದ ತುಣುಕನ್ನು ಎತ್ತಿಕೊಂಡು, ಚೀಟಿಯನ್ನು ಓದಬಲ್ಲ ಯಾರನ್ನಾದರೂ ಹುಡುಕಿ, ಸರಕಾರಕ್ಕೆ ತಲುಪಿಸಿದ ರೈತರ, ದನಗಾಹಿಗಳ ಹೆಸರುಗಳು ಯಾವ ವಿಜ್ಞಾನ ಲೇಖನದಲ್ಲೂ ಬರಲಿಲ್ಲ. ಅವರು ಅಷ್ಟು ಮಾಡದಿದ್ದರೆ ಆ ಲೇಖನಗಳನ್ನು ಬರೆಯುವಂತೆಯೇ ಇರಲಿಲ್ಲ. ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದು ಹವಾಮಾನ ಇಲಾಖೆ ಸೇರಿದ ಕೆ. ಆರ್. ರಾಮನಾಥನ್ ಇಂಥ ಬಲೂನುಗಳ ದಾಖಲೆಗಳನ್ನು ಕೂಡಿಸಿ 1929ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಬೆರಗಿನ ಸಂಗತಿಯನ್ನು ಪ್ರಕಟಿಸಿದರು. ಭೂಮಿಯ ಸುತ್ತಣ ವಾಯುಮಂಡಲದ ಕೆಳಪದರಗಳಲ್ಲಿ ಅತ್ಯಂತ ತಣ್ಣಗಿನ ಗಾಳಿ ಧ್ರುವಗಳ ಮೇಲಿಲ್ಲ, ನಮ್ಮ ಉಷ್ಣವಲಯದ ನೆತ್ತಿಯ ಮೇಲಿದೆ! ಸಮಭಾಜಕದ ಮೇಲೆ ಸುಮಾರು 17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ ಇಳಿಯುತ್ತದೆ. ಬಿಸಿಲಿಗೆ ಬೇಯುವ ನಾಡಿನ ಮೇಲೆಯೇ ಈ ಚಳಿಯ ಉಂಗುರ.

ಈ ಚಳಿಯೇ ರಬ್ಬರಿನ ದೊಡ್ಡ ಶತ್ರು. ಏರಿದಷ್ಟೂ ಹೊರಗಿನ ಒತ್ತಡ ತಗ್ಗಿ ಬಲೂನು ಹಿಗ್ಗುತ್ತ ಹೋಗುತ್ತದೆ. ಸುಮಾರು ಐದೂವರೆ ಕಿಲೋಮೀಟರಿಗೆ ಒತ್ತಡ ಅರ್ಧಕ್ಕೆ ಇಳಿದರೆ, 30 ಕಿಲೋಮೀಟರಿನಾಚೆ ನೂರರಲ್ಲೊಂದು ಪಾಲಿಗೆ ಬಂದಿರುತ್ತದೆ. ನೆಲದಲ್ಲಿ ಆಳೆತ್ತರ ಇದ್ದ ಬಲೂನು ಅಲ್ಲಿ ಒಂದು ಸಣ್ಣ ಮನೆಯಷ್ಟಾಗುತ್ತದೆ. ಅಷ್ಟು ಹಿಗ್ಗಬೇಕಾದ ಪೊರೆ ದಾರಿಯಲ್ಲಿ ಚಳಿಗೆ ಸಿಕ್ಕಿ ಬಿರುಸಾದರೆ ಅಲ್ಲಿಯೇ ಒಡೆಯಿತು. ರಾತ್ರಿ ಹಾರಿಸುವ ಬಲೂನುಗಳಿಗೆ ಈ ಗಂಡಾಂತರ ಹೆಚ್ಚು. ಅದಕ್ಕೆಂದೇ ಅವನ್ನು ಎಣ್ಣೆಯಲ್ಲಿ ಅದ್ದಿ ಮೃದುಗೊಳಿಸುವ ಉಪಾಯವೂ ಬಳಕೆಗೆ ಬಂತು. ಹಗಲಲ್ಲಿ ಬಿಸಿಲು ಬೆಚ್ಚಗಿಡುತ್ತದೆ, ಆದರೆ ಅದೇ ಬಿಸಿಲಿನ ಅತಿನೇರಳೆ ಕಿರಣವೂ ಮೇಲಿನ ಓಝೋನೂ ರಬ್ಬರನ್ನು ತಿನ್ನುತ್ತವೆ.

ಬಲೂನು ಬೆಂಗಳೂರಿಗೆ ಬಂದದ್ದು ಬೇರೊಂದು ಕುತೂಹಲದಿಂದ. ಬಾಹ್ಯಾಕಾಶದಿಂದ ಭೂಮಿಯ ಮೇಲೆ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು 1912ರಲ್ಲಿ ವಿಕ್ಟರ್ ಹೆಸ್ ಪತ್ತೆಹಚ್ಚಿದ್ದು ತಾನೇ ಬಲೂನಿನ ಬುಟ್ಟಿಯಲ್ಲಿ ಕುಳಿತು ಮೇಲೇರಿ. ಈ ಕಿರಣಗಳು ವಿದ್ಯುದಾವೇಶವುಳ್ಳ ಕಣಗಳಾದ್ದರಿಂದ ಭೂಮಿಯ ಕಾಂತಕ್ಷೇತ್ರ ಅವನ್ನು ಬಾಗಿಸುತ್ತದೆ. ಕಾಂತೀಯ ಸಮಭಾಜಕದ ಬಳಿ ಈ ತಡೆ ಎಲ್ಲಕ್ಕಿಂತ ಹೆಚ್ಚು. ಅತಿ ಹೆಚ್ಚಿನ ಶಕ್ತಿಯ ಕಣಗಳು ಮಾತ್ರ ಅದನ್ನು ದಾಟಿ ಒಳಬರಬಲ್ಲವು. ಆ ಸಮಭಾಜಕ ಹಾದುಹೋಗುವುದು ನಮ್ಮ ದಕ್ಷಿಣ ಭಾರತದ ತುದಿಯ ಬಳಿ. ಹೀಗಾಗಿ ಬೆಂಗಳೂರಿನ ಆಕಾಶ ತಾನಾಗಿಯೇ ಒಂದು ಜರಡಿ. ನೊಬೆಲ್ ಪುರಸ್ಕೃತ ಅಮೆರಿಕನ್ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ 1939-40ರ ಚಳಿಗಾಲದಲ್ಲಿ ತನ್ನ ಸಹೋದ್ಯೋಗಿಗಳಾದ ನೆಹರ್ ಮತ್ತು ಪಿಕರಿಂಗ್ ಅವರೊಂದಿಗೆ ಭಾರತಕ್ಕೆ ಬಂದದ್ದು ಇದಕ್ಕೇ. ಹವಾಮಾನ ಇಲಾಖೆಯ ಸಹಕಾರದಿಂದ ಪೆಶಾವರ, ಆಗ್ರಾ, ಬೆಂಗಳೂರು ಈ ಮೂರು ಊರುಗಳಿಂದ ಬಲೂನುಗಳು ಏರಿದವು. ಮೂರೂ ಬೇರೆ ಬೇರೆ ಕಾಂತೀಯ ಅಕ್ಷಾಂಶದವು. ಸುಮಾರಾಗಿ 25, 17, 3 ಡಿಗ್ರಿ. ಮೂರೂ ಕಡೆಯ ಅಳತೆಗಳನ್ನು ಹೋಲಿಸಿದರೆ ಯಾವ ಶಕ್ತಿಯ ಕಣಗಳು ಎಷ್ಟು ಬರುತ್ತಿವೆ ಎಂಬುದು ಬಿಡಿಸಿಕೊಳ್ಳುತ್ತದೆ. ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು. ಆ ಚಳಿಗಾಲದ ಈ ಪಿಕರಿಂಗ್ ಮುಂದೆ ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ನಿರ್ದೇಶಕರಾದರು. 1958ರಲ್ಲಿ ಆ ದೇಶದ ಮೊದಲ ಉಪಗ್ರಹ ರೂಪುಗೊಂಡಿದ್ದು ಅವರ ಮುಂದಾಳತ್ವದಲ್ಲಿ. ಬೆಂಗಳೂರಿನ ರಬ್ಬರ್ ಬಲೂನಿಗೂ ಆ ಉಪಗ್ರಹಕ್ಕೂ ನಡುವೆ ಹದಿನೆಂಟು ವರ್ಷ ಮಾತ್ರ.

ಅದೇ ಯುದ್ಧದ ದೆಸೆಯಿಂದ ಕೇಂಬ್ರಿಜ್‌ಗೆ ಮರಳಲಾಗದೆ ಭಾರತದಲ್ಲಿಯೇ ಉಳಿದ ಹೋಮಿ ಭಾಭಾ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕವನ್ನು ಕಟ್ಟಿದರು. ಮುಂಬಯಿಯ ಪಾರಸಿ ಮನೆತನದ ಈ ಸಿದ್ಧಾಂತಿ ಪ್ರಯೋಗಕ್ಕೆ ಇಳಿದದ್ದು ಬೆಂಗಳೂರಿನಲ್ಲಿ. ಯುದ್ಧಕಾಲದಲ್ಲಿ ಅಲ್ಲಿದ್ದ ವಿಮಾನಗಳಲ್ಲಿ ಉಪಕರಣಗಳನ್ನು 30,000 ಅಡಿಯವರೆಗೆ ಒಯ್ದು ಅವರ ತಂಡ ಅಳತೆ ತೆಗೆದುಕೊಂಡಿತು. ವಿಮಾನ ತಲುಪದ ಎತ್ತರಕ್ಕೆ ಬಲೂನೇ ಬೇಕು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿದ್ದೂ ಬೆಂಗಳೂರಿನಲ್ಲಿಯೇ. ಆ ವರ್ಷದ ಕೊನೆಗೆ ಅದು ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಎಂಬ ಬಂಗಲೆಗೆ ಬಂತು. ಬೆಂಗಳೂರಿನಿಂದ ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರ ಸಾಲಿನಲ್ಲಿ ಒಂದು ಇಡೀ ಸಂಶೋಧನಾ ಸಂಸ್ಥೆಯೂ ಇದೆ ಎಂದು ನಾವು ಹೆಮ್ಮೆಪಡಬಹುದು.

ಸಂಸ್ಥೆಯ ಆರಂಭದ ವರ್ಷಗಳಲ್ಲಿ ಉಪಕರಣಗಳು ಮೇಲೇರುತ್ತಿದ್ದುದು ರಬ್ಬರ್ ಬಲೂನುಗಳ ಗೊಂಚಲಿನಿಂದ. ಒಂದು ಬಲೂನು ಹೊರಲಾರದ ಭಾರವನ್ನು ಹತ್ತಾರು ಬಲೂನುಗಳು ಹಂಚಿಕೊಳ್ಳುತ್ತಿದ್ದವು. ಕೆಲವು ಒಡೆದರೂ ಉಳಿದವು ಕೆಲಕಾಲ ಹೊತ್ತು ನಿಲ್ಲುತ್ತಿದ್ದವು. ವಿಶೇಷ ಛಾಯಾಚಿತ್ರ ಲೇಪನದ ಗಾಜಿನ ಫಲಕಗಳನ್ನು ಕಟ್ಟಿ ಕಳಿಸಿದರೆ ಹಾದುಹೋದ ಕಣಗಳ ಜಾಡು ಅವುಗಳಲ್ಲಿ ಮೂಡುತ್ತಿತ್ತು. ಅಮೆರಿಕದಲ್ಲಿ ರಾಜಕೀಯ ಕಿರುಕುಳಕ್ಕೆ ಗುರಿಯಾಗಿ 1950ರ ಕೊನೆಗೆ ಮುಂಬಯಿಗೆ ಬಂದ ಬರ್ನಾರ್ಡ್ ಪೀಟರ್ಸ್ ಈ ವಿದ್ಯೆಯಲ್ಲಿ ನುರಿತವರು. ವಿಶ್ವಕಿರಣಗಳಲ್ಲಿ ಭಾರವಾದ ಪರಮಾಣು ಬೀಜಗಳೂ ಇವೆಯೆಂದು ಬಲೂನು ಪ್ರಯೋಗಗಳಿಂದಲೇ 1948ರಲ್ಲಿ ಕಂಡುಕೊಂಡವರಲ್ಲೊಬ್ಬರು. ಇದೇ ಕಾಲದಲ್ಲಿ ಅದೇ ಸಂಸ್ಥೆಯ ನಂಜನಗೂಡಿನ ತರುಣ ಬಿ. ವಿ. ಶ್ರೀಕಂಠನ್ ಹೊರಟದ್ದು ನೇರ ವಿರುದ್ಧ ದಿಕ್ಕಿಗೆ. 1951ರಲ್ಲಿ ಅವರು ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು, ಅಷ್ಟು ಬಂಡೆಯನ್ನು ಭೇದಿಸಿಯೂ ಬರುವ ವಿಶ್ವಕಿರಣದ ಕಣಗಳನ್ನು ಎಣಿಸತೊಡಗಿದರು. ಮುಂದೆ ಅವರೇ ಸಂಸ್ಥೆಯ ನಿರ್ದೇಶಕರೂ ಆದರು. ಮುಂಬಯಿಯ ಒಂದೇ ಸೂರಿನಡಿಯಿಂದ ಒಂದು ತಂಡದ ಉಪಕರಣ ಮೋಡದಾಚೆ, ಇನ್ನೊಂದರದು ಕೆ.ಜಿ.ಎಫ್.ನ ಪಾತಾಳದಲ್ಲಿ.

ಗೊಂಚಲಿಗೂ ಒಂದು ಮಿತಿಯಿತ್ತು. ರಬ್ಬರ್ ಬಲೂನು ಎತ್ತರದಲ್ಲಿ ತೇಲಿ ನಿಲ್ಲುವುದಿಲ್ಲ; ಹಿಗ್ಗುತ್ತ ಏರುತ್ತ ಒಂದು ಹಂತದಲ್ಲಿ ಒಡೆಯುತ್ತದೆ. ಗಂಟೆಗಟ್ಟಲೆ ಒಂದೇ ಎತ್ತರದಲ್ಲಿ ನಿಂತು ವಿರಳ ಕಣಗಳಿಗಾಗಿ ಕಾಯಬೇಕಾದ ಪ್ರಯೋಗಕ್ಕೆ ಹಿಗ್ಗದ ಚೀಲ ಬೇಕು. ಪಾಲಿಥೀನಿನ ತೆಳುಹಾಳೆಗಳನ್ನು ಬೆಸೆದು ಮಾಡಿದ ದೈತ್ಯ ಬಲೂನು ಆ ಕೆಲಸಕ್ಕೆ ಬಂತು. 1950ರ ದಶಕದ ಉತ್ತರಾರ್ಧದಿಂದ ಟಾಟಾ ಸಂಸ್ಥೆ ಅದನ್ನು ತಾನೇ ತಯಾರಿಸಲು ಕಲಿತು, ಹಾರಿಸುವ ನೆಲೆಯನ್ನು ಹೈದರಾಬಾದಿಗೆ ಒಯ್ದಿತು. ಅಲ್ಲಿಗೆ ವಿಶ್ವಕಿರಣಗಳ ಮಟ್ಟಿಗೆ ರಬ್ಬರಿನ ಪಾಳಿ ಮುಗಿಯಿತು.

ವೈದ್ಯಶಾಸ್ತ್ರದಲ್ಲಿಯೂ ಇದೇ ಪಾಠ. ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಮೂತ್ರನಾಳದ ಕೊಳವೆ ತುದಿಯ ಪುಟ್ಟ ರಬ್ಬರ್ ಬಲೂನಿನಿಂದಾಗಿ ಜಾರದೆ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಹಿರಿಯರ ಶುಶ್ರೂಷೆ ಮಾಡಿದವರಿಗೆಲ್ಲ ಅದು ಗೊತ್ತು. 1960ರ ದಶಕದ ಆರಂಭದಲ್ಲಿ ಥಾಮಸ್ ಫೋಗರ್ಟಿ ಎಂಬ ತರುಣ ಕೈಗವಸಿನ ಬೆರಳ ತುದಿಯನ್ನು ಕೊಳವೆಗೆ ಕಟ್ಟಿ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಹೊರಗೆಳೆಯುವ ಬಲೂನು ಮಾಡಿದ. ಆದರೆ 1977ರಲ್ಲಿ ಝೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ಕಿರಿದಾದ ರಕ್ತನಾಳವನ್ನು ಅಗಲಿಸಲು ಬಳಸಿದ ಬಲೂನು ರಬ್ಬರಿನದಲ್ಲ. ರಬ್ಬರು ಎಲ್ಲಿ ತಡೆ ಕಡಿಮೆಯೋ ಅಲ್ಲಿ ಉಬ್ಬುತ್ತದೆ. ಕೊಬ್ಬು ಗಟ್ಟಿಯಾಗಿ ಕೂತ ಜಾಗವನ್ನು ಬಿಟ್ಟು ಅದರ ಅಕ್ಕಪಕ್ಕದಲ್ಲಿ ಉಬ್ಬಿದರೆ ರೋಗಿಯ ಗತಿಯೇನು? ಅಲ್ಲಿಯೂ ಹಿಗ್ಗದ ಪ್ಲಾಸ್ಟಿಕ್ಕೇ ಬೇಕಾಯಿತು.

ಹಾಗೆಂದು ತಡೆ ಕಡಿಮೆಯಿದ್ದೆಡೆ ಉಬ್ಬುವ ಗುಣ ಎಲ್ಲೆಲ್ಲೂ ದೋಷವೇನಲ್ಲ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿದುಕೊಳ್ಳದೆ ರಕ್ತ ಸುರಿಯತೊಡಗಿದರೆ ತಾಯಿಯನ್ನು ಉಳಿಸಿಕೊಳ್ಳಲು ಇರುವ ಸಮಯ ಅತ್ಯಲ್ಪ. ನಮ್ಮ ಅಜ್ಜಿಯರ ಕಾಲದಲ್ಲಿ 'ಬಾಣಂತಿ ಹೋದಳು' ಎಂದು ಒಂದೇ ಮಾತಿನಲ್ಲಿ ಮುಗಿಯುತ್ತಿದ್ದ ಎಷ್ಟೋ ಸಾವುಗಳ ಹಿಂದೆ ಇದೇ ಇತ್ತು. ಒಳಗಿನಿಂದ ಒತ್ತಿ ಹಿಡಿಯುವ ಸಿಲಿಕೋನ್ ಬಲೂನುಗಳು ಶ್ರೀಮಂತ ದೇಶಗಳಲ್ಲಿ ಬಂದಿದ್ದವು, ಆದರೆ ಬಡವರ ಆಸ್ಪತ್ರೆಗೆ ಅವುಗಳ ಬೆಲೆ ನಿಲುಕದು. 2000ದ ಸುಮಾರಿಗೆ ಢಾಕಾ ವೈದ್ಯಕೀಯ ಕಾಲೇಜಿನ ಡಾ. ಸಯೇಬಾ ಅಖ್ತರ್ ಒಂದು ನಿರೋಧವನ್ನು ಸಾಮಾನ್ಯ ರಬ್ಬರ್ ಕೊಳವೆಯ ತುದಿಗೆ ದಾರದಿಂದ ಕಟ್ಟಿ, ಗರ್ಭಕೋಶದೊಳಗೆ ಇರಿಸಿ, ಅದರಲ್ಲಿ ಉಪ್ಪುನೀರಿನ ದ್ರಾವಣ ತುಂಬಿಸಿದರು. ಬಲೂನು ಗರ್ಭಕೋಶದ ಆಕಾರವನ್ನೇ ತಳೆದು ಸುತ್ತಲೂ ಒತ್ತಿತು, ರಕ್ತಸ್ರಾವ ನಿಂತಿತು. ಬೇಕಾದದ್ದೆಲ್ಲ ಯಾವ ಸಣ್ಣ ಆಸ್ಪತ್ರೆಯಲ್ಲಾದರೂ ಸಿಗುವ ಸಾಮಾನು. ಈ ವಿಧಾನ ಇಂದು ನಮ್ಮ ದೇಶದ ಹೆರಿಗೆ ಕೋಣೆಗಳಿಗೂ ಬಂದಿದೆ. ರಬ್ಬರ್ ಬಲೂನಿನ ಎಲ್ಲ ಉಪಯೋಗಗಳಲ್ಲಿ ಒಂದನ್ನೇ ಆರಿಸೆಂದರೆ ನಾನು ಇದನ್ನು ಆರಿಸಿಯೇನು, ವಿಶ್ವಕಿರಣವನ್ನಲ್ಲ.

ನಿರೋಧದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ರಘುನಾಥ ಧೋಂಡೋ ಕರ್ವೆ ಮುಂಬಯಿಯಲ್ಲಿ 1921ರಲ್ಲಿಯೇ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆದು ಸಮಾಜದ ನಿಂದೆಗೆ ಗುರಿಯಾದರು. ಅವರ ಬದುಕಿನ ಕಡೆಯವರೆಗೂ ಈ ವಸ್ತುವಿನ ಹೆಸರನ್ನು ಜನ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. 1968ರಲ್ಲಿ ಸರಕಾರ 'ನಿರೋಧ್' ಎಂಬ ಹೆಸರಿಟ್ಟು ಚಹಾ, ಸೋಪು ಮಾರುವ ಕಂಪನಿಗಳ ಮೂಲಕ ಮೂರಕ್ಕೆ 15 ಪೈಸೆಯಂತೆ ಅಂಗಡಿ ಅಂಗಡಿಗೆ ತಲುಪಿಸಿತು. ಅಗ್ಗವಾದ್ದರಿಂದ ಮಕ್ಕಳ ಕೈಗೂ ಸಿಕ್ಕಿ ಊರೂರಲ್ಲಿ ಬಿಳಿ ಪುಗ್ಗೆಗಳು ಹಾರಿದವು. ಹಿರಿಯರು ಕಂಡೂ ಕಾಣದಂತೆ ಮುಖ ತಿರುಗಿಸಿದರು. ತಿರುವನಂತಪುರದ ಹಿಂದುಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆಯ ಒಂದು ಶಾಖೆ 1980ರ ದಶಕದಲ್ಲಿ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿ ತೆರೆಯಿತು. ಮುಂಬಯಿ ಕಡೆಯಿಂದ ಹೆದ್ದಾರಿಯಲ್ಲಿ ಊರಿಗೆ ಹೋಗುವವರು ಗಡಿ ದಾಟಿದ ಸ್ವಲ್ಪ ಹೊತ್ತಿನಲ್ಲೇ ಆ ಊರಿನ ಬಳಿ ಹಾಯುತ್ತಾರೆ.

ಬೀದಿಯ ಬಲೂನಿನ ಬಗೆಗೆ ಹೆಚ್ಚು ಹೇಳುವುದಿಲ್ಲ. ಹೋಳಿಯ ದಿನಗಳಲ್ಲಿ ಲೋಕಲ್ ರೈಲಿನ ಬಾಗಿಲಲ್ಲಿ ನಿಂತವರ ಮೇಲೆ ಬೀಳುವ ನೀರಿನ ಬಲೂನು ಆಟವಲ್ಲ. ವೇಗದ ರೈಲಿನಲ್ಲಿ ಅದು ಕಲ್ಲಿಗೆ ಸಮ. ಜಾತ್ರೆಯಲ್ಲಿ ಏರುವ ಬಲೂನು ಮಾರುವವರ ಸಿಲಿಂಡರಿನ ಒಳಗೆ ಅನೇಕ ಕಡೆ ಇಂದೂ ಇರುವುದು ಫ್ಯಾರಡೆಯ ಜಲಜನಕವೇ. ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಚೂರು ಹಾಕಿ ಹಳೆಯ ಉರುಳೆಯಲ್ಲಿ ಅದನ್ನು ತಯಾರಿಸುತ್ತಾರೆ. ಹೀಲಿಯಂ ಸುರಕ್ಷಿತ, ಆದರೆ ನಮ್ಮ ದೇಶ ಅದನ್ನು ಹೊರಗಿನಿಂದ ತರಿಸಬೇಕು, ಬೆಲೆ ಹೆಚ್ಚು. ಸಿಲಿಂಡರು ಸಿಡಿದಾಗ ಪತ್ರಿಕೆಯಲ್ಲಿ ಬರುವುದು ಮೂರು ಸಾಲಿನ ಸುದ್ದಿ. ಸಾಯುವವರು ಮಾರುವವನು, ಸುತ್ತ ನಿಂತ ಮಕ್ಕಳು.

ಮಾಟುಂಗದವರಿಗೆ ಬಲೂನಿನಿಂದ ಆಗಬೇಕಾದ ಕೆಲಸವೊಂದಿದೆ. 1896ರ ಪ್ಲೇಗಿನ ತರುವಾಯ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗಗಳನ್ನು ಅಗಲವಾದ ಬೀದಿ, ಮರಗಳ ಸಾಲುಗಳೊಂದಿಗೆ ಬಹಳ ಚೆಲುವಾಗಿಯೇ ರೂಪಿಸಿತು. ಆದರೆ ಕಿಂಗ್ಸ್ ಸರ್ಕಲ್ಲಿನ ತಗ್ಗಿನಲ್ಲಿ ನಿಲ್ಲುವ ಮಳೆನೀರು ಇಂದಿಗೂ ಬಗೆಹರಿದಿಲ್ಲ. ಗಾಂಧಿ ಮಾರ್ಕೆಟ್ಟಿನ ಎದುರು ಮೊಣಕಾಲುದ್ದದ ನೀರಿನಲ್ಲಿ ನಿಂತ ಬಸ್ಸಿನ ಚಿತ್ರ ಪ್ರತಿ ಜುಲೈ ತಿಂಗಳಲ್ಲೂ ಪತ್ರಿಕೆಯಲ್ಲಿ ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ ಬಿದ್ದದ್ದು 73. ಇಷ್ಟು ಸಣ್ಣ ಜಾಗದಲ್ಲಿ ಹೀಗೆ ಸುರಿಯುವ ಮಳೆಯನ್ನು ಬಲೂನು ಮುಂಚಿತವಾಗಿ ಹೇಳಲಾರದು. ಅದಕ್ಕೆ ಡಾಪ್ಲರ್ ರೇಡಾರು ಬೇಕು, ಮುಂಬಯಿಗೆ ಅದು ಬಂದದ್ದು ಆ ದುರಂತದ ಬಳಿಕ. ಆದರೆ ಮುಂಗಾರಿನ ದೊಡ್ಡ ಚಲನವಲನವನ್ನು ನಮಗೆ ಮೊದಲು ಕಾಣಿಸಿದ್ದು ಬಲೂನುಗಳೇ. ಜೂನ್-ಜುಲೈ ತಿಂಗಳಲ್ಲಿ ಕೆಳಗೆ ಪಶ್ಚಿಮದಿಂದ ಮಳೆಗಾಳಿ ಬೀಸುತ್ತಿರುವಾಗಲೇ, ಹದಿನಾಲ್ಕು-ಹದಿನೈದು ಕಿಲೋಮೀಟರ್ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಪ್ರಚಂಡ ವೇಗದ ಇನ್ನೊಂದು ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಬಲೂನುಗಳ ಅಳತೆಗಳಿಂದ ಅದರ ರೂಪವನ್ನು ಬಿಡಿಸಿ ತೋರಿಸಿದರು. ಪೂರ್ವದ ಜೆಟ್ ಪ್ರವಾಹವೆಂದು ಅದು ಪ್ರಸಿದ್ಧವಾಗಿದೆ. ಮುಂಗಾರಿನ ಬಲ ಆ ಪ್ರವಾಹದೊಂದಿಗೆ ಹೆಣೆದುಕೊಂಡಿದೆ.

ಉಪಕರಣ ಮರಳಿ ಬರಲೆಂದು ಕಾಯುವ ಕಾಲವೂ ಮುಗಿಯಿತು. 1940ರ ದಶಕದಲ್ಲಿ ಇಲಾಖೆ ತಾನೇ ರೇಡಿಯೋಸಾಂಡೆಗಳನ್ನು ರೂಪಿಸಿಕೊಂಡಿತು. ಏರುತ್ತಿರುವಾಗಲೇ ಅವು ಅಳತೆಯನ್ನು ರೇಡಿಯೋ ಮೂಲಕ ಕೆಳಕ್ಕೆ ಹೇಳುತ್ತವೆ. 1948ರಲ್ಲಿ ಪುಣೆಯ ಉಪಕರಣ ವಿಭಾಗ ಸೇರಿದ ಅಣ್ಣಾ ಮಾಣಿ 1964ರಲ್ಲಿ ಓಝೋನನ್ನು ಅಳೆಯುವ ಭಾರತೀಯ ಸಾಂಡೆಯನ್ನೂ ಸಿದ್ಧಪಡಿಸಿದರು; ಬೆಂಗಳೂರಿನಲ್ಲಿ ರಾಮನ್ನರ ಬಳಿ ವಜ್ರಗಳ ಮೇಲೆ ಸಂಶೋಧನೆ ಮಾಡಿ, ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟು ನಿರಾಕರಿಸಲ್ಪಟ್ಟವರು ಅವರು. ಈಗ ದೇಶದಲ್ಲಿ ಐವತ್ತಕ್ಕೂ ಹೆಚ್ಚು ಕೇಂದ್ರಗಳಿಂದ ಇಂಥ ಬಲೂನುಗಳು ಏರುತ್ತವೆ. ನಮ್ಮವುಗಳಲ್ಲಿ ಬೆಂಗಳೂರಿದೆ, ಮಂಗಳೂರಿನ ಪಣಂಬೂರಿದೆ, ಇಲ್ಲಿ ಸಾಂತಾಕ್ರೂಜ್. ಜಗತ್ತಿನೆಲ್ಲೆಡೆ ಒಂದೇ ಸಮಯಕ್ಕೆ, ನಮ್ಮ ಗಡಿಯಾರದ ಬೆಳಗಿನ ಮತ್ತು ಸಂಜೆಯ ಐದೂವರೆಯ ಲೆಕ್ಕಕ್ಕೆ.

ಮುಂಗಾರಿನ ಒಂದು ಸಂಜೆ ಸಾಂತಾಕ್ರೂಜ್‌ನಿಂದ ಬಿಟ್ಟ ಬಲೂನು ಮೊದಲು ಸಮುದ್ರದ ಗಾಳಿಗೆ ಸಿಕ್ಕಿ ಪೂರ್ವಕ್ಕೆ, ಠಾಣೆಯ ಗುಡ್ಡಗಳ ಕಡೆಗೆ ಸರಿಯುತ್ತದೆ. ಮೋಡಗಳೊಳಗೆ ತೋಯುತ್ತ ಏರಿ, ಆರೇಳು ಕಿಲೋಮೀಟರ್ ದಾಟಿದ ಮೇಲೆ ಗಾಳಿ ತಿರುಗುತ್ತದೆ. ಬಲೂನು ಬಂದ ದಾರಿಯಲ್ಲೇ ಮರಳಿ ನಗರದ ಮೇಲೆ ಹಾಯುತ್ತದೆ. ಪೂರ್ವದ ಪ್ರವಾಹ ಸೇರಿದ ಮೇಲೆ ವೇಗ ಹೆಚ್ಚಿ, ಕರಾವಳಿ ಹಿಂದಾಗುತ್ತದೆ. ಎಲ್ಲೋ ಅರಬ್ಬೀ ಸಮುದ್ರದ ಮೇಲೆ, ಮುವ್ವತ್ತು ಕಿಲೋಮೀಟರಿನ ಆಸುಪಾಸು, ಅದು ಒಡೆಯುತ್ತದೆ. ಪುಟ್ಟ ಕೊಡೆ ಬಿಚ್ಚಿಕೊಂಡು ಉಪಕರಣ ನೀರಿಗೆ ಇಳಿಯುವ ಹೊತ್ತಿಗೆ ಅದರ ಅಂಕಿಗಳು ಗಣಕಯಂತ್ರ ಸೇರಿರುತ್ತವೆ, ಬೆಳಗಿನ ಪಾಳಿಯವರಿಗಾಗಿ ಇನ್ನೊಂದು ಬಲೂನಿನ ಹೆಸರು ರಿಜಿಸ್ಟರಿನಲ್ಲಿ ಖರ್ಚಿಗೆ ಬಿದ್ದಿರುತ್ತದೆ.